ಕೂಗದ ಕಾಡಿನಲ್ಲಿ ಎಲ್ಕ್ ಬೇಟೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಅಮೆರಿಕದ ರಾಕಿ ಪರ್ವತಗಳಲ್ಲಿ ಸೆಪ್ಟೆಂಬರ್ ಎಂದರೆ ಅಲ್ಲಿನ ದೊಡ್ಡ ಜಿಂಕೆಗಳಾದ ಎಲ್ಕ್‌ಗಳ ಬೆದೆಗಾಲ. ಬಿಲ್ಲು ಹಿಡಿದವರ ಬೇಟೆಯ ಕಾಲವೂ ಅದೇ. ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಆ ಬೇಟೆಯ ಸುತ್ತಲೇ ಇದ್ದುದರಿಂದ ಅಂಕಣವನ್ನು ಪೂರ್ತಿಯಾಗಿ ಅದಕ್ಕೇ ಬಿಟ್ಟುಕೊಟ್ಟಿದ್ದೇನೆ. ಕೊಲೊರಾಡೊದಲ್ಲಿ ನೆಲೆಸಿದ ಮೇಲೆ ನಾನೂ ಬಿಲ್ಲು ಹಿಡಿದು ಆ ಬೆಟ್ಟಗಳನ್ನು ಹತ್ತಿದ್ದೇನೆ, ಹೆಚ್ಚಿನ ಸಲ ಬರಿಗೈಯಲ್ಲಿ ಇಳಿದಿದ್ದೇನೆ. ಕೆಳಗಿನ ಉತ್ತರಗಳನ್ನು ಓದುವಾಗ ಇದು ನೆನಪಿನಲ್ಲಿರಲಿ.

ಪ್ರಶ್ನೆ: ಮಾನ್ಯರೇ, ಇದು ನನ್ನ ಮೊದಲ ವರ್ಷದ ಬೇಟೆ. ಸೆಪ್ಟೆಂಬರ್ ಮೊದಲ ವಾರದಲ್ಲಿ ಐದು ದಿನ ರಜೆ ಹಾಕಿ, ಸುಮಾರು 9,500 ಅಡಿ ಎತ್ತರದಲ್ಲಿ ಡೇರೆ ಹೂಡಿಕೊಂಡು, ಬೆಳಗ್ಗೆ ಸಂಜೆ ಅಲೆದೆ. ಒಂದೇ ಒಂದು ಗಂಡು ಎಲ್ಕ್ ಕೂಗಿದ್ದು ಕೇಳಿಸಲಿಲ್ಲ. ಅರ್ಧ ಗಂಟೆಗೊಮ್ಮೆ ನಾನೇ ಗಂಡಿನ ದನಿ ಹೊರಡಿಸುವ ಕೊಳವೆಯಲ್ಲಿ ಕೂಗಿದೆ, ಉತ್ತರ ಬರಲಿಲ್ಲ. ವಿಡಿಯೊಗಳಲ್ಲಿ ನೋಡಿದರೆ ಇಡೀ ಕಣಿವೆಯೇ ಮೊಳಗುತ್ತಿರುತ್ತದೆ. ನಾನು ಹೋದ ಕಾಡಿನಲ್ಲಿ ಎಲ್ಕ್‌ಗಳೇ ಇರಲಿಲ್ಲವೇ?
— ಓದುಗರು, ಫೋರ್ಟ್ ಕಾಲಿನ್ಸ್, ಕೊಲೊರಾಡೊ

ಉತ್ತರ: ಇದ್ದಿರಲೇಬೇಕು ಎಂದು ನಾನು ಹೇಳಲಾರೆ, ಆದರೆ ಕೂಗು ಕೇಳಿಸದೆ ಇದ್ದುದರಿಂದ ಇರಲಿಲ್ಲ ಎಂದು ನೀವು ತೀರ್ಮಾನಿಸುವ ಹಾಗೂ ಇಲ್ಲ. ಮೊದಲ ವಾರದ ಬೇಟೆಗಾರರಲ್ಲಿ ಬಹುಪಾಲು ಮಂದಿ ಎಡವುವುದು ಇಲ್ಲಿಯೇ.

ಬೆದೆಗಾಲವನ್ನು ನಡೆಸುವುದು ಚಳಿಯೂ ಅಲ್ಲ, ಮಳೆಯೂ ಅಲ್ಲ. ಹಗಲು ಕುಗ್ಗುತ್ತ ಬರುವುದು. ಬೇಸಿಗೆಯುದ್ದಕ್ಕೂ ಮೆತ್ತನೆಯ ತೊಗಲು ಹೊದ್ದು ಬೆಳೆದ ಕೊಂಬು ಆಗಸ್ಟ್ ತಿಂಗಳಿನಲ್ಲಿ ಗಟ್ಟಿಯಾಗುತ್ತದೆ. ಗಂಡು ಆ ತೊಗಲನ್ನು ಎಳೆಯ ಮರಗಳಿಗೆ ಉಜ್ಜಿ ಕಳಚಿಕೊಳ್ಳುತ್ತದೆ, ಅದರ ಕತ್ತು ದಪ್ಪವಾಗತೊಡಗುತ್ತದೆ. ಬೇಸಿಗೆಯಲ್ಲಿ ಒಟ್ಟಿಗೆ ಮೇಯುತ್ತಿದ್ದ ಗಂಡುಗಳ ಗುಂಪು ಈ ಹೊತ್ತಿಗೆ ಒಡೆದು ಒಂದೊಂದೂ ಒಂದೊಂದು ದಿಕ್ಕು ಹಿಡಿದಿರುತ್ತದೆ. ಆದರೆ ಹೆಣ್ಣುಗಳು ಇನ್ನೂ ಬೆದೆಗೆ ಬಂದಿರುವುದಿಲ್ಲ. ಅವುಗಳಲ್ಲಿ ಹೆಚ್ಚಿನವು ಬೆದೆಗೆ ಬರುವುದು ಹಗಲು ಇರುಳು ಸಮನಾಗುವ ಸೆಪ್ಟೆಂಬರ್ 22ರ ಹಿಂದೆ ಮುಂದೆ ಮತ್ತು ಅಕ್ಟೋಬರ್ ಮೊದಲ ವಾರದೊಳಗೆ. ಹೆಣ್ಣುಗಳನ್ನು ಕೂಡಿಹಾಕಿಕೊಂಡು ಕಾಯುವ, ಎದುರಾಳಿಯನ್ನು ಬೆದರಿಸುವ, ಅದಕ್ಕಾಗಿ ಗಂಟಲು ಹರಿಯುವಂತೆ ಕೂಗುವ ಅಗತ್ಯ ಹುಟ್ಟುವುದೇ ಆಗ. ಸೆಪ್ಟೆಂಬರ್ 4ನೇ ತಾರೀಕಿನ ದೊಡ್ಡ ಗಂಡಿಗೆ ಕೂಗಿ ಆಗಬೇಕಾದ ಕೆಲಸ ಹೆಚ್ಚೇನೂ ಇಲ್ಲ. ಅದು ಮೇಯುತ್ತದೆ, ಕೊಂಬು ಉಜ್ಜುತ್ತದೆ, ಕೆಸರಿನಲ್ಲಿ ಹೊರಳುತ್ತದೆ, ನೆರಳಿನಲ್ಲಿ ಮಲಗುತ್ತದೆ. ನೀವು ನೋಡಿದ ವಿಡಿಯೊಗಳು ಬಹುಶಃ ಇನ್ನೆರಡು ಮೂರು ವಾರ ತಡವಾಗಿ ತೆಗೆದಂಥವು. ಸುಮ್ಮನಿದ್ದ ಕಾಡನ್ನು ಚಿತ್ರೀಕರಿಸಿ ಯಾರೂ ಹಾಕುವುದಿಲ್ಲ.

ಸೆಕೆಯ ಮಾತೂ ಇದೆ. ಸೆಪ್ಟೆಂಬರ್ ಆರಂಭದಲ್ಲಿ ಆ ಎತ್ತರದಲ್ಲೂ ಮಧ್ಯಾಹ್ನದ ಬಿಸಿಲು ಚುರುಕಾಗಿಯೇ ಇರುತ್ತದೆ, ಎಲ್ಕ್‌ನ ಮೈಮೇಲೆ ಆಗಲೇ ಚಳಿಗಾಲದ ದಟ್ಟ ಕೂದಲು ಬರತೊಡಗಿರುತ್ತದೆ. ಸುಮಾರು 300 ಕಿಲೊ ತೂಗುವ ಪ್ರಾಣಿ ಕಂಬಳಿ ಹೊದ್ದು ಬಿಸಿಲಿನಲ್ಲಿ ಓಡಾಡುವುದಿಲ್ಲ. ಕೂಗುವುದಿದ್ದರೂ ರಾತ್ರಿ ಕೂಗುತ್ತದೆ. ಆದ್ದರಿಂದ ನಿಮಗೆ ನನ್ನ ಮೊದಲ ಸಲಹೆ ಇದು: ಬಿಲ್ಲನ್ನು ಡೇರೆಯಲ್ಲೇ ಬಿಟ್ಟು, ರಾತ್ರಿ ಹತ್ತು ಗಂಟೆಗೋ ಬೆಳಗಿನ ನಾಲ್ಕು ಗಂಟೆಗೋ ಒಂದು ಏಣಿನ ಮೇಲೆ ಹೋಗಿ ಅರ್ಧ ಗಂಟೆ ಸುಮ್ಮನೆ ಕುಳಿತುಕೊಳ್ಳಿ. ಹಗಲಿಡೀ ಸತ್ತಂತಿದ್ದ ಕಣಿವೆಯಿಂದ ಒಂದು ಕೂಗು ಬಂದರೂ ಸಾಕು. ಮರುದಿನ ಎಲ್ಲಿಗೆ ಹೋಗಬೇಕೆಂಬುದು ಅಲ್ಲಿಗೆ ತೀರ್ಮಾನವಾಗುತ್ತದೆ.

ಇನ್ನು ನಿಮ್ಮ ಕೊಳವೆಯ ವಿಚಾರ. ಅರ್ಧ ಗಂಟೆಗೊಮ್ಮೆ ಗಂಡಿನ ಕೂಗು ಹಾಕಿದಿರಿ ಎಂದು ಬರೆದಿದ್ದೀರಿ. ಆ ಕೂಗಿನ ಅರ್ಥ ‘ಇಲ್ಲೊಬ್ಬ ಗಂಡಿದ್ದಾನೆ, ಜಗಳಕ್ಕೆ ಸಿದ್ಧನಿದ್ದಾನೆ’ ಎಂದು. ಎಳೆಯ ಗಂಡು ಅದನ್ನು ಕೇಳಿ ಬೇರೆ ದಾರಿ ಹಿಡಿಯುತ್ತದೆ, ಬಲಿತ ಗಂಡು ಅದನ್ನು ಕಿವಿಗೆ ಹಾಕಿಕೊಳ್ಳುವುದಿಲ್ಲ. ಹುರುಪಿನಿಂದ ಓಡಿ ಬರುವವನು ಪಕ್ಕದ ಕಣಿವೆಯ ಇನ್ನೊಬ್ಬ ಬೇಟೆಗಾರ ಮಾತ್ರ. ಒಮ್ಮೆ ನಾನು ಮುಕ್ಕಾಲು ಗಂಟೆ ಒಂದು ‘ಗಂಡಿ’ನೊಡನೆ ಕೂಗಿಗೆ ಕೂಗು ಕೊಡುತ್ತ, ಹೆಜ್ಜೆ ಹೆಜ್ಜೆಯಾಗಿ ಹತ್ತಿರವಾಗಿ, ಕೊನೆಗೆ ಒಂದು ಬಿದ್ದ ಮರದ ಆಚೆ ಈಚೆ ನಿಂತು ನೋಡಿದರೆ ಇಬ್ಬರ ಕೈಯಲ್ಲೂ ಕೊಳವೆ ಇತ್ತು. ಆತನೂ ನನ್ನ ಹಾಗೆಯೇ ನಾಚಿಕೊಂಡು ಕೈ ಬೀಸಿ ಹೊರಟುಹೋದ.

ಪ್ರಶ್ನೆ: ಹಾಗಾದರೆ ಕೂಗದ ಪ್ರಾಣಿಯನ್ನು ಹುಡುಕುವುದು ಹೇಗೆ? ಅಲೆಯಬೇಕೇ, ಒಂದೇ ಕಡೆ ಕೂರಬೇಕೇ?
— ಓದುಗರು, ಬಾಯ್ಸಿ, ಐಡಹೊ

ಉತ್ತರ: ನಮ್ಮ ಮಲೆನಾಡಿನ ಹಳೆಯ ಶಿಕಾರಿಯಲ್ಲಿ ಎರಡು ಬಗೆ ಇದ್ದವು. ಸೋವಿನವರು ಕಾಡನ್ನು ಎಬ್ಬಿಸಿ ಪ್ರಾಣಿಯನ್ನು ಓಡಿಸಿಕೊಂಡು ಬರುವುದು ಒಂದು, ಪ್ರಾಣಿ ಬರುವ ಜಾಗದಲ್ಲಿ ಮರಸು ಕೂರುವುದು ಇನ್ನೊಂದು. ಬೆದೆಗಾಲದ ಈ ಮೊದಲ ವಾರಕ್ಕೆ ಒಗ್ಗುವುದು ಮರಸೇ. ಆದರೆ ಕೂರುವ ಜಾಗವನ್ನು ಕಂಡುಕೊಳ್ಳಲು ಮೊದಲು ಸಾಕಷ್ಟು ಅಲೆಯಬೇಕಾಗುತ್ತದೆ.

ನೋಡಬೇಕಾದದ್ದು ಉತ್ತರ ದಿಕ್ಕಿಗೆ ಮುಖ ಮಾಡಿದ ಇಳಿಜಾರುಗಳನ್ನು. ಬಿಸಿಲು ಅಲ್ಲಿ ಕಡಿಮೆ, ಸ್ಪ್ರೂಸ್ ಮತ್ತು ಫರ್ ಮರಗಳು ದಟ್ಟವಾಗಿ ಬೆಳೆದು ಹಗಲಲ್ಲೇ ಕತ್ತಲೆ ಕವಿದಿರುತ್ತದೆ. ರಾತ್ರಿ ಹುಲ್ಲುಗಾವಲಿನಲ್ಲಿ ಮೇಯ್ದ ಎಲ್ಕ್‌ಗಳು ಹೊತ್ತು ಮೂಡುವಾಗ ಅಲ್ಲಿಗೆ ಸೇರಿಕೊಂಡು ಮಲಗುತ್ತವೆ. ಅಂಥ ಕಾಡಿನೊಳಗೆ ಎಲ್ಲೋ ಒಂದು ಕಡೆ ಒರತೆ ಜಿನುಗಿ, ಎರಡು ಚಾಪೆ ಹಾಸುವಷ್ಟು ಜಾಗ ಕೆಸರಾಗಿದ್ದರೆ ಅದೇ ಹೊರಳುಗುಂಡಿ. ಗಂಡು ತನ್ನ ಹೊಟ್ಟೆಗೂ ಕತ್ತಿಗೂ ತಾನೇ ಉಚ್ಚೆ ಸಿಡಿಸಿಕೊಂಡು ಅದರಲ್ಲಿ ಹೊರಳುತ್ತದೆ. ಮೈ ತಂಪಾಗುವುದಕ್ಕೂ ಹೌದು, ತನ್ನ ವಾಸನೆಯನ್ನು ಸಾರುವುದಕ್ಕೂ ಹೌದು. ನೀರು ತಿಳಿಯಾಗಿದ್ದು ಅಂಚಿನ ಕೆಸರು ಒಣಗಿ ಬಿರುಕು ಬಿಟ್ಟಿದ್ದರೆ ಅದು ಹಳೆಯದು, ಮುಂದೆ ನಡೆಯಿರಿ. ನೀರು ಬಗ್ಗಡವಾಗಿದ್ದು, ಸುತ್ತಲಿನ ಹುಲ್ಲಿನ ಮೇಲೆ ಹಸಿ ಕೆಸರು ಸಿಡಿದಿದ್ದು, ಆಚೆಯ ಮರದ ಸೊಂಟದೆತ್ತರಕ್ಕೆ ಕೆಸರು ಮೆತ್ತಿಕೊಂಡಿದ್ದು, ಕುದುರೆ ಲಾಯಕ್ಕೆ ಹೋತದ ನಾತ ಬೆರೆಸಿದಂಥ ವಾಸನೆ ಮೂಗಿಗೆ ಬಡಿದರೆ ಮಾತ್ರ ನಿಲ್ಲಿ. ತೊಗಟೆ ಸುಲಿದ ಎಳೆಯ ಮರದಲ್ಲಿ ಅಂಟು ಇನ್ನೂ ಒಸರುತ್ತಿದ್ದರೆ ಅದೂ ಒಳ್ಳೆಯ ಗುರುತು.

ಅಲ್ಲಿ ಕೂರುವ ಮೊದಲು ಗಾಳಿಯ ಲೆಕ್ಕ ಹಾಕಬೇಕು. ಈ ಬೇಟೆಯಲ್ಲಿ ಉಳಿದ ಯಾವ ತಪ್ಪಿಗೂ ಪರಿಹಾರವುಂಟು, ಗಾಳಿಯ ತಪ್ಪಿಗೆ ಇಲ್ಲ. ಬೆಟ್ಟದಲ್ಲಿ ರಾತ್ರಿ ತಣಿದ ಗಾಳಿ ಭಾರವಾಗಿ ನೀರಿನಂತೆ ಇಳಿಜಾರಿನಲ್ಲಿ ಕೆಳಕ್ಕೆ ಹರಿಯುತ್ತದೆ. ಬೆಳಗ್ಗೆ ಒಂಬತ್ತು ಹತ್ತರ ಹೊತ್ತಿಗೆ ಬಿಸಿಲು ಇಳಿಜಾರನ್ನು ಮುಟ್ಟಿದೊಡನೆ ಅದೇ ಗಾಳಿ ಬಿಸಿಯಾಗಿ ಮೇಲಕ್ಕೆ ಏರತೊಡಗುತ್ತದೆ. ಸಂಜೆ ನೆರಳು ಬಿದ್ದ ಮೇಲೆ ಮತ್ತೆ ಇಳಿತ. ಈ ಎರಡು ತಿರುವುಗಳ ನಡುವೆ ಸ್ವಲ್ಪ ಹೊತ್ತು ಗಾಳಿಗೆ ಯಾವ ನಿಯತ್ತೂ ಇರುವುದಿಲ್ಲ. ಆಗ ಗುಂಡಿಯ ಹತ್ತಿರ ಹೋಗದಿರುವುದೇ ಲೇಸು. ಹಗಲಿನಲ್ಲಿ ಗುಂಡಿಗಿಂತ ಮೇಲೆ ಅಥವಾ ಪಕ್ಕಕ್ಕೆ, ಸಂಜೆ ಗುಂಡಿಗಿಂತ ಕೆಳಗೆ ಕೂರಬೇಕೆಂಬುದು ಸಾಮಾನ್ಯ ಲೆಕ್ಕ. ವಾಸನೆಯಿಲ್ಲದ ನುಣ್ಣನೆಯ ಪುಡಿಯನ್ನು ಸಣ್ಣ ಡಬ್ಬಿಯಲ್ಲಿ ಇಟ್ಟುಕೊಂಡು ಐದೈದು ನಿಮಿಷಕ್ಕೆ ಊದಿ ನೋಡುತ್ತಿರಬೇಕು. ನಮ್ಮವರಿಗೆಂದೇ ಒಂದು ಮಾತು ಸೇರಿಸುತ್ತೇನೆ: ಬೇಟೆಯ ಅಂಗಿಯನ್ನು ಅಡುಗೆಮನೆಯ ಪಕ್ಕದ ಕೋಣೆಯಲ್ಲಿ ನೇತುಹಾಕಬೇಡಿ. ಇಂಗಿನ ಒಗ್ಗರಣೆಯ ವಾಸನೆಯನ್ನು ಯಾವ ಸೋಪೂ ಪೂರ್ತಿ ಬಿಡಿಸುವುದಿಲ್ಲ. ಅದಿಲ್ಲದೆಯೂ ಮನುಷ್ಯನ ವಾಸನೆಯೊಂದೇ ಎಲ್ಕ್‌ಗೆ ಸಾಕು ಎಂಬುದು ಬೇರೆ ಮಾತು.

ಕೂಗನ್ನು ಪೂರ್ತಿ ಬಿಡಬೇಕೆಂದು ನಾನು ಹೇಳುತ್ತಿಲ್ಲ. ಹೆಣ್ಣು ಎಲ್ಕ್ ತನ್ನ ಗುಂಪಿನೊಡನೆ ಮಾತಾಡುವ, ಬೆಕ್ಕಿನ ಮರಿಯ ದನಿಗೂ ಕರುವಿನ ದನಿಗೂ ನಡುವಿನ ಒಂದು ಮೆಲುದನಿ ಇದೆ. ಅದನ್ನು ಎರಡು ಸಲ ಮೆಲ್ಲಗೆ ನುಡಿಸಿ, ಆಮೇಲೆ ಮುಕ್ಕಾಲು ಗಂಟೆ ಬಾಯಿ ಮುಚ್ಚಿಕೊಂಡು ಕೂರಬೇಕು. ಕಷ್ಟವಾದದ್ದು ಈ ಎರಡನೆಯ ಭಾಗ. ಈ ಕಾಲದ ಗಂಡು ಕೂಗಿ ಬರುವುದಿಲ್ಲ, ಸದ್ದಿಲ್ಲದೆ ಸುತ್ತು ಹಾಕಿ ಗಾಳಿಯ ಕೆಳಬದಿಯಿಂದ ಮೂಸಿಕೊಂಡು ಬರುತ್ತದೆ. ಇಬ್ಬರಿದ್ದರೆ ಕೂಗುವವನು ಬಿಲ್ಲಿನವನಿಂದ ಐವತ್ತು ಅರವತ್ತು ಗಜ ಹಿಂದೆ ಕೂರಲಿ. ದನಿಯನ್ನು ಹುಡುಕಿಕೊಂಡು ಬರುವ ಪ್ರಾಣಿ ಬಿಲ್ಲಿನವನ ಮುಂದೆಯೇ ಹಾದುಹೋಗುತ್ತದೆ. ಒಬ್ಬರೇ ಇದ್ದರೆ ಗಾಳಿಯ ಕೆಳಬದಿಯಲ್ಲಿ ಬಂಡೆಯೋ ಬಿದ್ದ ಮರಗಳ ರಾಶಿಯೋ ಇರುವಂತೆ, ಪ್ರಾಣಿಗೆ ಆ ಕಡೆ ಸುತ್ತಿ ಬರಲು ದಾರಿಯಿಲ್ಲದಂತೆ ಜಾಗ ಆರಿಸಿಕೊಳ್ಳಿ.

ಒಂದು ಬೆಳಗಿನ ಕಥೆ ಹೇಳುತ್ತೇನೆ. ಸೆಪ್ಟೆಂಬರ್ 6, ಹತ್ತೂವರೆ ಗಂಟೆ. ಗುಂಡಿಯಿಂದ ಇಪ್ಪತ್ತೈದು ಹೆಜ್ಜೆ ಮೇಲೆ ಒಂದು ಬೇರುಸಹಿತ ಕಿತ್ತುಬಿದ್ದ ಮರದ ಮಣ್ಣಿನ ಗೋಡೆಗೆ ಒರಗಿ ಮೂರು ಗಂಟೆಯಿಂದ ಕುಳಿತಿದ್ದೆ. ಕಾಲು ಜೋಮು ಹಿಡಿದಿತ್ತು. ಅಳಿಲೊಂದು ನನ್ನನ್ನು ಬೈದು ಬೈದು ಸುಸ್ತಾಗಿ ಸುಮ್ಮನಾಗಿತ್ತು. ಕಲ್ಲಿಗೆ ಕಲ್ಲು ತಾಗಿದಂತೆ ‘ಟಕ್’ ಎಂದು ಒಂದೇ ಸದ್ದು. ತಿರುಗಿ ನೋಡುವಷ್ಟರಲ್ಲಿ, ಇಲ್ಲದೆ ಇದ್ದ ಜಾಗದಲ್ಲಿ ಗಂಡು ನಿಂತಿತ್ತು. ಅಷ್ಟು ದೊಡ್ಡ ಕೊಂಬು ಹೊತ್ತು, ಒಣಕಡ್ಡಿ ತುಂಬಿದ ಆ ಕಾಡಿನಲ್ಲಿ ಅದು ಹೇಗೆ ಬಂತೋ ನನಗೆ ಇಂದಿಗೂ ಅರ್ಥವಾಗಿಲ್ಲ. ಮುಂಗಾಲು ಮಡಿಸಿ ಮಂಡಿಯೂರಿ, ಕೊಂಬಿನಿಂದ ಕೆಸರನ್ನು ಬಗೆದು ಬೆನ್ನಿಗೆ ಎರಚಿಕೊಂಡು, ನಮ್ಮೂರ ಕೆರೆಯಲ್ಲಿ ಎಮ್ಮೆ ಮಾಡುವಂತೆಯೇ ಮಗ್ಗುಲಿಗೆ ಉರುಳಿತು. ಎದ್ದು ನಿಂತಾಗ ಹೊಟ್ಟೆಯಿಂದ ಕಪ್ಪು ನೀರು ತೊಟ್ಟಿಕ್ಕುತ್ತಿತ್ತು. ನಾನು ಬಿಲ್ಲನ್ನು ಅರ್ಧ ಎತ್ತಿದ್ದೆ. ಆಗ ಹಿಂಗತ್ತಿಗೆ ತಣ್ಣಗೆ ಗಾಳಿ ಸೋಕಿತು. ಒಂದು ಮೋಡ ಸೂರ್ಯನಿಗೆ ಅಡ್ಡ ಬಂದಿತ್ತು, ಏರುತ್ತಿದ್ದ ಗಾಳಿ ಇಳಿಯಿತು, ಅಷ್ಟೇ. ಅದು ನನ್ನ ಕಡೆ ನೋಡಲೂ ಇಲ್ಲ. ತಲೆಯೆತ್ತಿ, ಕೊಂಬನ್ನು ಬೆನ್ನಿಗೆ ಒರಗಿಸಿಕೊಂಡು, ಮರಗಳ ನಡುವೆ ನುಗ್ಗಿ ಹೋಯಿತು. ಬರುವಾಗ ಇಲ್ಲದ ಸದ್ದೆಲ್ಲ ಹೋಗುವಾಗ ಇತ್ತು.

ಇಡೀ ಹೊತ್ತಿನಲ್ಲಿ ಅದು ಒಂದು ಸಲವೂ ಕೂಗಲಿಲ್ಲ. ನಾನು ಆ ದಿನ ಮಗ್ಗುಲ ಕಣಿವೆಯಲ್ಲಿ ಕೊಳವೆ ಊದುತ್ತ ಅಲೆದಿದ್ದರೆ, ಈ ಕಾಡಿನಲ್ಲಿ ಎಲ್ಕ್ ಇಲ್ಲ ಎಂದು ನಾನೂ ನಿಮಗೆ ಪತ್ರ ಬರೆಯುತ್ತಿದ್ದೆನೋ ಏನೋ.

ಪ್ರಶ್ನೆ: ಎಲ್ಕ್ ಎಂದರೆ ನಮ್ಮ ಕಡವೆಯೇ? ಅದರ ಕೂಗು ಹೇಗಿರುತ್ತದೆ?
— ಓದುಗರು, ತೀರ್ಥಹಳ್ಳಿ

ಉತ್ತರ: ಎರಡೂ ಒಂದೇ ಕುಲದವು, ಆದರೆ ಬೇರೆ ಬೇರೆ ಜಾತಿಯವು. ಕಡವೆಯ ಕೊಂಬಿಗೆ ಸಾಮಾನ್ಯವಾಗಿ ಒಂದೊಂದು ಬದಿಗೆ ಮೂರು ಕವಲು. ಬಲಿತ ಎಲ್ಕ್‌ಗೆ ಆರು. ಎರಡೂ ಕೊಂಬು ಉದುರಿಸಿ ಹೊಸದು ಬೆಳೆಸಿಕೊಳ್ಳುತ್ತವೆ, ಎರಡಕ್ಕೂ ಕೆಸರಿನಲ್ಲಿ ಹೊರಳುವ ಚಟವಿದೆ. ಭಾರತದಲ್ಲಿ ಎಲ್ಕ್‌ಗೆ ನಿಜವಾಗಿ ಹತ್ತಿರದ ನೆಂಟ ಕಾಶ್ಮೀರದ ದಾಚಿಗಾಮ್ ಕಾಡಿನ ಹಂಗುಲ್. ಹೆಸರಿನ ಗೊಂದಲ ಇನ್ನೊಂದಿದೆ: ಯುರೋಪಿನವರು ಎಲ್ಕ್ ಎನ್ನುವುದು ಅಮೆರಿಕದವರು ಮೂಸ್ ಎನ್ನುವ ಪ್ರಾಣಿಗೆ. ಅಮೆರಿಕದ ಎಲ್ಕ್‌ಗೆ ಅಲ್ಲಿನ ಮೂಲನಿವಾಸಿಗಳಾದ ಶಾವ್ನಿ ಜನರ ಮಾತಿನಲ್ಲಿ ‘ವಾಪಿಟಿ’ ಎಂಬ ಹೆಸರಿದೆ, ಬಿಳಿಯ ಹಿಂಬದಿಯದು ಎಂದು ಅದರ ಅರ್ಥ.

ಕೂಗಿನ ವಿಚಾರಕ್ಕೆ ಬಂದರೆ, ಅಷ್ಟು ದೊಡ್ಡ ಪ್ರಾಣಿಯಿಂದ ಯಾರೂ ನಿರೀಕ್ಷಿಸದ ದನಿ ಅದು. ತಗ್ಗಿನಲ್ಲಿ ಗೊಗ್ಗರಾಗಿ ಮೊದಲಾಗಿ, ಏರುತ್ತ ಏರುತ್ತ ಕೊಳಲಿನ ಮೇಲಿನ ಸ್ವರದಂತೆ ತೆಳ್ಳಗೆ ಚುಚ್ಚಿ, ಕೊನೆಗೆ ನಾಲ್ಕಾರು ಗುಟುರುಗಳಲ್ಲಿ ಮುಗಿಯುತ್ತದೆ. ಕಡವೆಯ ಎಚ್ಚರಿಕೆಯ ‘ಢಾಂಕ್’ ಕೇಳಿ ಬೆಳೆದ ನಿಮಗೆ ಇದು ಪ್ರಾಣಿಯದೆಂದೇ ಮೊದಲಿಗೆ ಅನ್ನಿಸದು.

ಪ್ರಶ್ನೆ: ಕೂಡುವ ಕಾಲದಲ್ಲೇ ಪ್ರಾಣಿಯನ್ನು ಕೊಲ್ಲುವುದು ನಮ್ಮ ಸಂಸ್ಕಾರಕ್ಕೆ ಹೊಂದುವುದಿಲ್ಲ. ಭಾರತದಲ್ಲಿ ಅಪರಾಧವಾದದ್ದನ್ನು ಕನ್ನಡ ಪತ್ರಿಕೆಯೊಂದು ಹೀಗೆ ಕಲಿಸಿಕೊಡುವುದು ಸರಿಯೇ? ಆ ಕಾಲದಲ್ಲಿ ಕೊಂದರೆ ಸಂತತಿ ನಾಶವಾಗುವುದಿಲ್ಲವೇ?
— ಓದುಗರು, ಬೆಂಗಳೂರು

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಪ್ರಶ್ನೆಗಳಿವೆ. ಸಂಸ್ಕಾರದ ಪ್ರಶ್ನೆಗೆ ಉತ್ತರ ಅವರವರದು, ಅದರಲ್ಲಿ ನಾನು ವಾದಕ್ಕಿಳಿಯುವುದಿಲ್ಲ. ಮಹಾಭಾರತದಲ್ಲಿ ಕೂಡುತ್ತಿದ್ದ ಜಿಂಕೆಗೆ ಬಾಣ ಬಿಟ್ಟ ಪಾಂಡುವಿಗೆ ಏನಾಯಿತೆಂಬುದು ನನಗೂ ಗೊತ್ತಿದೆ, ಬಿಲ್ಲು ಎತ್ತುವಾಗ ಅದು ನೆನಪಾಗದೆ ಇಲ್ಲ.

ಕಾನೂನಿನ ಪ್ರಶ್ನೆ ಸರಳ. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ, ಅದಕ್ಕೆ 1991ರಲ್ಲಿ ಬಂದ ತಿದ್ದುಪಡಿ, ಇವೆರಡರಿಂದ ಬೇಟೆಗೆ ಬಾಗಿಲು ಮುಚ್ಚಿದೆ. ಅದು ಸರಿಯಾದ ಕ್ರಮವೆಂಬುದೇ ನನ್ನ ಅಭಿಪ್ರಾಯ. ಕಡವೆಯನ್ನೇ ನೆಚ್ಚಿಕೊಂಡ ಹುಲಿ, ಸೀಳುನಾಯಿಗಳಿರುವ, ತುಂಡುತುಂಡಾದ ನಮ್ಮ ಕಾಡುಗಳಿಗೆ ಅಮೆರಿಕದ ಲೆಕ್ಕವನ್ನು ತಂದು ಹಚ್ಚಲಾಗದು. ಇಲ್ಲಿ ಬರೆದಿರುವುದೆಲ್ಲ ಆ ನೆಲಕ್ಕೆ, ಆ ಪ್ರಾಣಿಗೆ, ಪರವಾನಗಿ ಪಡೆದವರಿಗೆ ಮಾತ್ರ.

ಸಂತತಿಯ ಪ್ರಶ್ನೆ ಇವುಗಳಲ್ಲಿ ತೂಕದ್ದು. ಹತ್ತೊಂಬತ್ತನೆಯ ಶತಮಾನದಲ್ಲಿ ಲಂಗುಲಗಾಮಿಲ್ಲದೆ, ಮಾರಾಟಕ್ಕಾಗಿ ಕೊಂದು ಕೊಂದು ಅಮೆರಿಕದವರು ಎಲ್ಕ್‌ಗಳನ್ನು ಬಹುತೇಕ ಮುಗಿಸಿಯೇಬಿಟ್ಟಿದ್ದರು. 1910ರ ಹೊತ್ತಿಗೆ ಇಡೀ ಕೊಲೊರಾಡೊದಲ್ಲಿ ಉಳಿದದ್ದು ಹೆಚ್ಚೆಂದರೆ ಸಾವಿರದ ಆಸುಪಾಸು. ಆಮೇಲೆ ವಯೊಮಿಂಗ್‌ನಿಂದ ಪ್ರಾಣಿಗಳನ್ನು ತಂದು ಬಿಟ್ಟು, ಬೇಟೆಗೆ ಕಾಲ, ಸಂಖ್ಯೆ, ಪರವಾನಗಿ ಗೊತ್ತುಮಾಡಿ, ಕಾಡಿನ ಮಾಂಸದ ಮಾರಾಟವನ್ನೇ ನಿಷೇಧಿಸಿದರು. 1937ರ ಪಿಟ್‌ಮನ್–ರಾಬರ್ಟ್‌ಸನ್ ಕಾಯಿದೆಯಿಂದ ಬಂದೂಕು ಮತ್ತು ಮದ್ದುಗುಂಡುಗಳ ಮೇಲಿನ ತೆರಿಗೆ ನೇರವಾಗಿ ವನ್ಯಜೀವಿಗಳ ಕೆಲಸಕ್ಕೆ ಹೋಗತೊಡಗಿತು; ಬಿಲ್ಲು ಬಾಣಗಳೂ ಆ ತೆರಿಗೆಯೊಳಗೆ ಸೇರಿದ್ದು ತಡವಾಗಿ. ಈಗ ಕೊಲೊರಾಡೊ ಒಂದರಲ್ಲೇ 2.8 ಲಕ್ಷದಷ್ಟು ಎಲ್ಕ್‌ಗಳಿವೆ, ಯಾವ ರಾಜ್ಯದಲ್ಲೂ ಅಷ್ಟಿಲ್ಲ.

ಎಲ್ಕ್‌ಗಳಲ್ಲಿ ಒಂದು ಗಂಡು ಹಲವು ಹೆಣ್ಣುಗಳನ್ನು ಕೂಡುತ್ತದೆ. ಒಂದು ಗಂಡು ಬಿದ್ದರೆ ಅದರ ಜಾಗಕ್ಕೆ ಕಾಯುತ್ತಿರುವ ಗಂಡುಗಳು ಸುತ್ತಲೇ ಇರುತ್ತವೆ. ಹೆಣ್ಣಿನ ಬೆದೆ ಉಳಿಯುವುದು ಒಂದು ದಿನಕ್ಕಿಂತ ಕಡಿಮೆಯಾದರೂ, ಆ ಸಲ ಗರ್ಭ ನಿಲ್ಲದಿದ್ದರೆ ಸುಮಾರು ಮೂರು ವಾರದಲ್ಲಿ ಮತ್ತೆ ಬೆದೆಗೆ ಬರುತ್ತದೆ. ಅಲ್ಲದೆ ಬಿಲ್ಲಿನ ಬೇಟೆಗೆ ಹೋದ ಹತ್ತು ಜನರಲ್ಲಿ ಎಂಟೊಂಬತ್ತು ಮಂದಿ ಬರಿಗೈಯಲ್ಲಿ ಮರಳುವುದೇ ವಾಡಿಕೆ. ಕೊಲೊರಾಡೊದ ಬಹಳಷ್ಟು ಪ್ರದೇಶಗಳಲ್ಲಿ ಒಂದು ಬದಿಯ ಕೊಂಬಿಗೆ ಕನಿಷ್ಠ ನಾಲ್ಕು ಕವಲು, ಇಲ್ಲವೇ ಹಣೆಯ ಕವಲು ಐದು ಅಂಗುಲ ಉದ್ದ ಇಲ್ಲದ ಗಂಡನ್ನು ಹೊಡೆಯುವಂತಿಲ್ಲ. ಎಳೆಯವು ಬಲಿಯಲಿ ಎಂದು ಹಾಗೆ ಮಾಡಿದ್ದಾರೆ. ಆದರೂ ಬೇಟೆಗಾರರ ಗದ್ದಲದಿಂದ ಹಿಂಡುಗಳು ಕದಡುವುದಿಲ್ಲ ಎಂದು ನಾನು ವಾದಿಸಲಾರೆ. ದಿನವಿಡೀ ಕೊಳವೆ ಊದುವವರು ಹೆಚ್ಚಿದ ಕಣಿವೆಗಳಲ್ಲಿ ಎಲ್ಕ್‌ಗಳು ಹಗಲು ಕೂಗುವುದನ್ನೇ ಬಿಡುತ್ತವೆ ಎಂಬುದು ಬೇಟೆಗಾರರೇ ಒಪ್ಪುವ ಮಾತು. ಮೌನದ ಒಂದು ಪಾಲು ನಮ್ಮದೇ ಕೊಡುಗೆ.

ಪ್ರಶ್ನೆ: ನಾನು ಎಚ್-1ಬಿ ವೀಸಾದಲ್ಲಿ ಇದ್ದೇನೆ. ಬೇಟೆಗೆ ಹೋಗಬಹುದೇ?
— ಹೆಸರು ಬೇಡವೆಂದ ಓದುಗರು

ಉತ್ತರ: ಬೇಟೆಯ ಪರವಾನಗಿಗೆ ಪೌರತ್ವ ಬೇಕಿಲ್ಲ. ಆದರೆ ಅಮೆರಿಕದ ಕೇಂದ್ರ ಕಾನೂನಿನ ಪ್ರಕಾರ ನಿಮ್ಮಂಥ ತಾತ್ಕಾಲಿಕ ವೀಸಾದವರು ಬಂದೂಕನ್ನಾಗಲಿ ಮದ್ದುಗುಂಡನ್ನಾಗಲಿ ಇಟ್ಟುಕೊಳ್ಳುವಂತಿಲ್ಲ. ಚಾಲ್ತಿಯಲ್ಲಿರುವ ಬೇಟೆಯ ಪರವಾನಗಿ ಕೈಯಲ್ಲಿದ್ದವರಿಗೆ ಅದರಲ್ಲಿ ವಿನಾಯಿತಿ ಇದೆ. ಪರವಾನಗಿಯ ಅವಧಿ ಮುಗಿಯುವ ತಾರೀಕನ್ನು ಮರೆತವರಿಗೆ ಇದು ಸಣ್ಣ ತೊಂದರೆಯಲ್ಲ, ವೀಸಾಕ್ಕೇ ಕುತ್ತು. ಬಿಲ್ಲು ಆ ಕಾನೂನಿನಲ್ಲಿ ಬಂದೂಕಲ್ಲ. ಹೊಸಬರಿಗೆ ನಾನು ಬಿಲ್ಲನ್ನೇ ಹೇಳುವುದಕ್ಕೆ ಇದೂ ಒಂದು ಕಾರಣ. ಕೊಲೊರಾಡೊದಲ್ಲಿ 1949ರ ಜನವರಿ 1 ಅಥವಾ ಅನಂತರ ಹುಟ್ಟಿದವರೆಲ್ಲ ಬೇಟೆಗಾರರ ತರಬೇತಿ ಮುಗಿಸಿರಬೇಕು. ಬಿಲ್ಲಿನ ಎಳೆತದ ಬಲ ಕನಿಷ್ಠ 35 ಪೌಂಡ್ ಇರಬೇಕು. ಆಯಾ ಪ್ರದೇಶದ ನಿಯಮಗಳು ವರ್ಷ ವರ್ಷ ಬದಲಾಗುತ್ತವೆ, ಆ ವರ್ಷದ ಕೈಪಿಡಿಯನ್ನು ಓದದೆ ಮನೆ ಬಿಡಬೇಡಿ.

ಪ್ರಶ್ನೆ: ನಮ್ಮ ಯಜಮಾನರು ಈ ವರ್ಷ ಬಿಲ್ಲಿನ ಬೇಟೆಗೆ ಹೊರಟಿದ್ದಾರೆ. ಸಿಕ್ಕರೆ ಮಾಂಸ ಕೆಡದಂತೆ ಮನೆಗೆ ತರುವುದು ಹೇಗೆ? ಕಾಡಿನ ಪ್ರಾಣಿಗಳಿಗೆ ಏನೋ ರೋಗವಿದೆ ಎಂದು ಕೇಳಿದ್ದೇನೆ, ತಿನ್ನಬಹುದೇ?
— ಓದುಗರು, ಡೆನ್ವರ್

ಉತ್ತರ: ಬೇಟೆಗೆ ಹೋಗುವ ಅನೇಕರು ಕೇಳದ ಪ್ರಶ್ನೆಯನ್ನು ನೀವು ಕೇಳಿದ್ದೀರಿ ತಾಯಿ. ಸಿಕ್ಕರೆ ಎಂದಿರಿ; ಸಿಕ್ಕ ಮರುಕ್ಷಣದಿಂದಲೇ ಅವರಿಗೆ ಸಮಯದೊಡನೆ ಓಟ.

ಬಾಣ ನಾಟಿದ ಕೂಡಲೇ ಬೆನ್ನು ಹತ್ತಬಾರದು. ನೆತ್ತರು ನೊರೆನೊರೆಯಾಗಿ ತಿಳಿಗೆಂಪಾಗಿದ್ದರೆ ಪುಪ್ಪುಸಕ್ಕೆ ತಗುಲಿದೆ, ಅರ್ಧ ಗಂಟೆ ಕಾದರೆ ಸಾಕು. ಕಡುಗೆಂಪಾಗಿದ್ದರೆ ಪಿತ್ತಜನಕಾಂಗ, ಆಗ ನಾಲ್ಕಾರು ಗಂಟೆ. ಬಾಣಕ್ಕೆ ಹಸಿರು ಕಸರು ಅಂಟಿದ್ದರೆ ಹೊಟ್ಟೆಗೆ ಹೊಡೆದಿದ್ದಾರೆಂದು ಅರ್ಥ, ಹತ್ತು ಹನ್ನೆರಡು ಗಂಟೆ ಕಾಯಬೇಕಾಗುತ್ತದೆ. ಸೆಪ್ಟೆಂಬರ್ ಸೆಕೆಯಲ್ಲಿ ಅಷ್ಟರೊಳಗೆ ಮಾಂಸ ಹಾಳಾಗಬಹುದು. ಅದಕ್ಕಾಗಿಯೇ ಮೂವತ್ತು ನಲವತ್ತು ಗಜದಾಚೆಗೆ ಬಾಣ ಬಿಡಬೇಡಿ ಎಂದು ಈಗಲೇ ಅವರಿಗೆ ಹೇಳಿ. ಮನೆಯವರ ಮಾತು ನನ್ನ ಅಂಕಣಕ್ಕಿಂತ ಚೆನ್ನಾಗಿ ನೆನಪಿರುತ್ತದೆ.

ಎಲ್ಕ್‌ನ ಚರ್ಮ ಬಿಸಿಯನ್ನು ಹಿಡಿದಿಡುತ್ತದೆ. ಸತ್ತ ಮೇಲೂ ತೊಡೆಯ ಮೂಳೆಯ ಸುತ್ತಲಿನ ಮಾಂಸ ಬೆಚ್ಚಗೇ ಇದ್ದು ಅಲ್ಲಿಂದಲೇ ಹುಳಿಯುತ್ತದೆ. ಆದ್ದರಿಂದ ಅಲ್ಲೇ ಚರ್ಮ ಸುಲಿದು, ನಾಲ್ಕು ಕಾಲುಗಳನ್ನೂ ಬೆನ್ನಿನ ಮಾಂಸವನ್ನೂ ಬೇರ್ಪಡಿಸಿ, ಗಾಳಿಯಾಡುವ ಬಟ್ಟೆಯ ಚೀಲಗಳಲ್ಲಿ ತುಂಬಿ ನೆರಳಿನ ಕೊಂಬೆಗೆ ನೇತುಹಾಕಬೇಕು. ಪ್ಲಾಸ್ಟಿಕ್ ಚೀಲ ಬೇಡವೇ ಬೇಡ. ತಿನ್ನಬಹುದಾದ ಮಾಂಸವನ್ನು ಕಾಡಿನಲ್ಲಿ ಬಿಟ್ಟು ಬರುವುದು ಅಲ್ಲಿ ಅಪರಾಧ. ಮೂಳೆ ತೆಗೆದರೂ ಒಂದು ಗಂಡಿನಿಂದ 80ರಿಂದ 100 ಕಿಲೊ ಮಾಂಸ ಬರುತ್ತದೆ. ಅದನ್ನು ಹೊತ್ತು ತರಲು ಒಬ್ಬರಿಗೆ ನಾಲ್ಕು ಸಲವಾದರೂ ಹತ್ತಿ ಇಳಿಯಬೇಕು. ದಾರಿಯಿಂದ ಮೂರು ಮೈಲಿ ಒಳಗೆ ಪ್ರಾಣಿ ಬಿದ್ದರೆ ಅದೆಷ್ಟು ನಡಿಗೆಯೆಂದು ಲೆಕ್ಕ ಹಾಕಿ ನೋಡಿ, ಜೊತೆಗೊಬ್ಬ ಗೆಳೆಯನಿಲ್ಲದೆ ಕಳಿಸಬೇಡಿ.

ರೋಗದ ಮಾತು ನಿಜ. ಜಿಂಕೆ ಕುಲದ ಪ್ರಾಣಿಗಳ ಮಿದುಳನ್ನು ಕೆಡಿಸಿ ಸೊರಗಿಸಿ ಕೊಲ್ಲುವ ‘ಕ್ರಾನಿಕ್ ವೇಸ್ಟಿಂಗ್ ಡಿಸೀಸ್’ ಎಂಬ ಈ ರೋಗ ಮೊದಲು ಕಂಡದ್ದು ಕೊಲೊರಾಡೊದಲ್ಲೇ, 1967ರಲ್ಲಿ, ಸಂಶೋಧನೆಗಾಗಿ ಕೂಡಿಹಾಕಿದ್ದ ಜಿಂಕೆಗಳಲ್ಲಿ. ಮನುಷ್ಯರಿಗೆ ಅಂಟಿದ ಖಚಿತ ಪ್ರಕರಣ ಇದುವರೆಗೆ ಇಲ್ಲ. ಆದರೂ ರೋಗ ಇದೆಯೆಂದು ಪರೀಕ್ಷೆಯಲ್ಲಿ ಗೊತ್ತಾದ ಪ್ರಾಣಿಯ ಮಾಂಸ ತಿನ್ನಬಾರದೆಂಬುದು ಅಮೆರಿಕದ ರೋಗ ನಿಯಂತ್ರಣ ಕೇಂದ್ರದ ಸಲಹೆ. ಇದಕ್ಕೆ ಕಾರಣವಾದ ಪ್ರಿಯಾನ್ ಎಂಬ ಪ್ರೊಟೀನ್ ಬೇಯಿಸಿದರೆ ನಾಶವಾಗುವಂಥದಲ್ಲ. ತಲೆಯನ್ನು ರಾಜ್ಯದ ವನ್ಯಜೀವಿ ಇಲಾಖೆಯ ಕಚೇರಿಗೆ ಒಪ್ಪಿಸಿದರೆ ಪರೀಕ್ಷೆ ಮಾಡಿಕೊಡುತ್ತಾರೆ. ಫಲಿತಾಂಶ ಬರುವವರೆಗೆ ಮಾಂಸವನ್ನು ಬೇರೆಯದರೊಡನೆ ಬೆರೆಸದೆ, ಹೆಸರು ತಾರೀಕು ಬರೆದು ಫ್ರೀಜರಿನಲ್ಲಿಡಿ. ನೆಂಟರಿಷ್ಟರಿಗೆ ಹಂಚುವುದನ್ನೂ ಅಲ್ಲಿಯವರೆಗೆ ತಡೆಯಿರಿ.

ಅಡುಗೆಯ ಬಗ್ಗೆ ನಿಮಗೆ ನಾನು ಹೇಳಿಕೊಡುವುದೇನಿಲ್ಲ. ಈ ಮಾಂಸದಲ್ಲಿ ಕೊಬ್ಬು ಬಹಳ ಕಡಿಮೆಯೆಂಬುದಷ್ಟು ತಿಳಿದಿರಲಿ: ಬೆನ್ನಿನ ತುಂಡನ್ನು ಹೆಚ್ಚು ಹುರಿದರೆ ಚಕ್ಕಳವಾಗುತ್ತದೆ, ಕಾಲಿನ ಮಾಂಸವನ್ನು ಕುಕ್ಕರಿನಲ್ಲಿ ಕುರಿಗಿಂತ ಎರಡು ಸೀಟಿ ಹೆಚ್ಚು ಕೂಗಿಸಬೇಕಾಗುತ್ತದೆ. ನಮ್ಮ ಮನೆಯಲ್ಲಿ ಅದನ್ನು ಹುರಿದ ಕೊತ್ತಂಬರಿ, ಮೆಣಸು, ಕಾಯಿ ಅರೆದು ಸಾರು ಮಾಡಿ ಮುದ್ದೆಯೊಡನೆ ತಿನ್ನುತ್ತೇವೆ.